ಹಳೆಯ ಜೀಪಿನ ಎಂಜಿನ್ ‘ಮಿಸ್’ ಹೊಡೆಯುವಾಗ: ಮೊದಲು ಪರೀಕ್ಷೆ, ಅನಂತರ ಖರ್ಚು

ದಕ್ಷಿಣ ಕೊಡಗಿನ ಕಾಫಿ ತೋಟಗಳಿಗೂ ಜೀಪಿಗೂ ಇರುವ ನಂಟು ಹಳೆಯದು. ಮಹೀಂದ್ರ ಸಂಸ್ಥೆಯು 1947ರಲ್ಲಿ ಭಾರತದಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿದ ತರುವಾಯ, ತೋಟದ ಕಡಿದಾದ ಕೆಸರು ದಾರಿಗಳಿಗೆ ಒಗ್ಗುವ ವಾಹನವೆಂದು ಅದು ಇಲ್ಲಿ ಮನೆಮಾತಾಯಿತು. ಇಂದಿಗೂ ಗೋಣಿಕೊಪ್ಪಲು ಸುತ್ತಮುತ್ತ ಹಳೆಯ ಪೆಟ್ರೋಲ್ ಜೀಪುಗಳನ್ನು, 2014ರಲ್ಲಿ ಉತ್ಪಾದನೆ ನಿಂತ ಅಂಬಾಸಿಡರ್ ಕಾರುಗಳನ್ನು, ಪ್ರೀಮಿಯರ್ ಪದ್ಮಿನಿಗಳನ್ನು ಉಪಯೋಗಕ್ಕಾಗಿಯೂ ಅಭಿಮಾನದಿಂದಲೂ ಕೊಳ್ಳುವವರಿದ್ದಾರೆ.

ಹೀಗೆ ಕೊಂಡವರು ಕೆಲವೇ ದಿನಗಳಲ್ಲಿ ಎದುರಿಸುವ ಸಾಮಾನ್ಯ ತೊಂದರೆಯೆಂದರೆ ಎಂಜಿನ್ ಸಮನಾಗಿ ಓಡದಿರುವುದು. ನಿಂತಲ್ಲಿ ವಾಹನ ನಡುಗುತ್ತದೆ, ಏರಿನಲ್ಲಿ ಜಗ್ಗುತ್ತದೆ, ಸೈಲೆನ್ಸರಿನಲ್ಲಿ ಪಟಪಟ ಸದ್ದು ಕೇಳಿಬರುತ್ತದೆ. ಆಗ ಮೊದಲು ಕಾರ್ಬುರೇಟರ್ ಬದಲಾಗುತ್ತದೆ, ಆಮೇಲೆ ಪ್ಲಗ್, ಬಳಿಕ ಕಾಯಿಲ್. ಹಣ ಖರ್ಚಾಗುತ್ತದೆ, ದೋಷ ಉಳಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಅಳತೆ ಮಾಡದೆ ಬಿಡಿಭಾಗ ಬದಲಿಸಬಾರದು ಎಂಬುದೊಂದೇ ಸೂತ್ರವನ್ನು ಪಾಲಿಸಿದರೆ ಈ ನಷ್ಟದ ಬಹುಪಾಲನ್ನು ತಪ್ಪಿಸಬಹುದು. ಅದರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಡೀಸೆಲ್ ಎಂಜಿನ್ ಅಳವಡಿಸಿದ ಜೀಪುಗಳಿಗೆ ಇದು ಅನ್ವಯಿಸದು.

ಲಕ್ಷಣಗಳು ಸೂಚಿಸುವುದೇನು?

ನಡುಕವು ಒಂದೇ ಲಯದಲ್ಲಿ ಮರುಕಳಿಸುತ್ತಿದ್ದರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ಊಹಿಸಬಹುದು. ಲಯವಿಲ್ಲದೆ ಆಗೊಮ್ಮೆ ಈಗೊಮ್ಮೆ ತಪ್ಪುತ್ತಿದ್ದರೆ ಎಲ್ಲ ಸಿಲಿಂಡರುಗಳಿಗೂ ಸಮಾನವಾದ ಪಾಯಿಂಟ್, ಕಂಡೆನ್ಸರ್ ಅಥವಾ ಪೆಟ್ರೋಲ್ ಪೂರೈಕೆಯ ಕಡೆ ಗಮನ ಹರಿಸಬೇಕು. ಇರಿಟ್ಟಿಯಿಂದ ಮಾಕುಟ್ಟದ ಘಟ್ಟ ಹತ್ತುವಾಗ ಮಾತ್ರ ಜಗ್ಗಿ, ಸಮತಟ್ಟಿನಲ್ಲಿ ಸರಿಯಾಗಿ ಓಡುವ ವಾಹನದಲ್ಲಿ ಕಿಡಿಯು ದುರ್ಬಲವಾಗಿದೆ ಅಥವಾ ಪೆಟ್ರೋಲ್ ಸಾಲುತ್ತಿಲ್ಲ ಎಂದು ತಿಳಿಯಬೇಕು.

ದೋಷವಿರುವ ಸಿಲಿಂಡರನ್ನು ಗುರುತಿಸುವುದು ಸುಲಭ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ವಿದ್ಯುತ್ ನಿರೋಧಕ ಹಿಡಿಯ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಳಚಿ, ಕಳಚಿದ ತುದಿಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಬೇಕು. ವೇಗ ಕುಸಿದರೆ ಆ ಸಿಲಿಂಡರ್ ಸರಿಯಾಗಿದೆ; ಯಾವ ವ್ಯತ್ಯಾಸವೂ ಆಗದಿದ್ದರೆ ದೋಷ ಅಲ್ಲಿಯೇ ಇದೆ. ವೈರುಗಳನ್ನು ಮರಳಿ ಜೋಡಿಸುವಾಗ ಕ್ರಮ ತಪ್ಪಬಾರದು. ವಿಲ್ಲೀಸ್ ಜೀಪು, ಅಂಬಾಸಿಡರ್, ಪದ್ಮಿನಿ ಈ ಮೂರರ ಫೈರಿಂಗ್ ಕ್ರಮವೂ 1-3-4-2 ಆಗಿದೆ. ಹಿಂದಿನವರು ಎರಡು ವೈರುಗಳನ್ನು ಅದಲುಬದಲು ಮಾಡಿದ್ದರೆ ಅದೂ ಇಲ್ಲಿಯೇ ಬಯಲಾಗುತ್ತದೆ.

ಮೊದಲನೆಯ ಹಂತ: ಕಂಪ್ರೆಷನ್

ಎಂಜಿನ್ನಿನ ಒಳಗೆ ಒತ್ತಡವೇ ನಿಲ್ಲದಿದ್ದರೆ ಹೊರಗಿನ ಯಾವ ಹೊಂದಾಣಿಕೆಯೂ ಫಲ ಕೊಡದು. ಆದ್ದರಿಂದ ಈ ಪರೀಕ್ಷೆಯೇ ಮೊದಲು ನಡೆಯಬೇಕು. ಎಂಜಿನ್ ಬಿಸಿಯಿರುವಾಗ ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲಿನ ಸಂಪರ್ಕ ತಪ್ಪಿಸಿ, ಆಕ್ಸಿಲರೇಟರನ್ನು ಪೂರ್ಣವಾಗಿ ಒತ್ತಿ ಹಿಡಿದು, ಪ್ರತಿಯೊಂದು ಸಿಲಿಂಡರಿನ ಒತ್ತಡವನ್ನು ಗೇಜಿನಿಂದ ಅಳೆಯಬೇಕು. ಅಂಕಿಯ ಗಾತ್ರಕ್ಕಿಂತಲೂ ನಾಲ್ಕರ ನಡುವಿನ ಸಮಾನತೆ ಮುಖ್ಯ. ವ್ಯತ್ಯಾಸವು ಸುಮಾರು ಶೇಕಡ 10ನ್ನು ಮೀರಿದರೆ ಮುಂದಿನ ವಿಚಾರಣೆ ಅಗತ್ಯ.

ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ರಿಂಗುಗಳು ಸವೆದಿವೆ. ಏರದಿದ್ದರೆ ವಾಲ್ವುಗಳಲ್ಲಿ ಸೋರಿಕೆಯಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳೂ ಒಟ್ಟಿಗೆ ಕಡಿಮೆಯಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ವಾಲ್ವ್ ಸುಟ್ಟಿದೆಯೆಂದು ತೀರ್ಮಾನಿಸುವ ಮುನ್ನ ಟ್ಯಾಪೆಟ್ ಅಂತರವನ್ನು ನೋಡಬೇಕು. ತೀರಾ ಬಿಗಿಯಾದ ಟ್ಯಾಪೆಟ್ ಕೂಡ ಒತ್ತಡವನ್ನು ಸೋರಿಸುತ್ತದೆ. ಸಿಜೆ-3ಬಿ ಜೀಪಿನ ‘ಹರಿಕೇನ್’ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವುಗಳು ಹೆಡ್ಡಿನಲ್ಲಿಯೂ ಎಕ್ಸಾಸ್ಟ್ ವಾಲ್ವುಗಳು ಬ್ಲಾಕಿನಲ್ಲಿಯೂ ಇರುವುದರಿಂದ ಎರಡೂ ಕಡೆ ಪ್ರತ್ಯೇಕವಾಗಿ ಪರಿಶೀಲಿಸಬೇಕು. ತಣ್ಣಗಿರುವಾಗ ಇರಬೇಕಾದ ಅಂತರ ಇನ್‌ಟೇಕಿಗೆ 0.018 ಇಂಚು, ಎಕ್ಸಾಸ್ಟಿಗೆ 0.016 ಇಂಚು.

ಎರಡನೆಯ ಹಂತ: ಇಗ್ನಿಷನ್

ಕಾರ್ಬುರೇಟರಿನದೆಂದು ಭಾವಿಸಲಾಗುವ ದೋಷಗಳಲ್ಲಿ ಹಲವು ವಾಸ್ತವವಾಗಿ ವಿದ್ಯುತ್ತಿಗೆ ಸಂಬಂಧಿಸಿದವು. ಡಿಸ್ಟ್ರಿಬ್ಯೂಟರ್ ಪಾಯಿಂಟುಗಳ ಮೇಲ್ಮೈ ಸುಟ್ಟು ಗುಳಿ ಬಿದ್ದಿದೆಯೇ ಎಂದು ನೋಡಿ, ಫೀಲರ್ ಗೇಜಿನಿಂದ ಅಂತರ ಅಳೆಯಬೇಕು. ವಿಲ್ಲೀಸ್ ಎಂಜಿನ್ನಿಗೆ ಪಾಯಿಂಟ್ ಅಂತರ 0.020 ಇಂಚು, ಪ್ಲಗ್ ಅಂತರ 0.030 ಇಂಚು. 1489 ಸಿಸಿ ಅಂಬಾಸಿಡರಿಗೆ ಕ್ರಮವಾಗಿ 0.015 ಮತ್ತು 0.025 ಇಂಚು. ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಕೈಯಿಂದ ಅಡ್ಡಡ್ಡ ಅಲುಗಿಸಿದಾಗ ಅದು ಸಡಿಲವಾಗಿದ್ದರೆ ಈ ಅಂತರ ಎಷ್ಟು ಸರಿಪಡಿಸಿದರೂ ನಿಲ್ಲದು, ಬುಷ್ ಬದಲಿಸಲೇಬೇಕು. ಅಂತರ ಸರಿಯಾದ ಮೇಲೆಯೇ ಟೈಮಿಂಗ್ ನೋಡಬೇಕು. ಅಂತರ ಬದಲಾದರೆ ಟೈಮಿಂಗೂ ಬದಲಾಗುತ್ತದೆ.

ಕೊಡಗಿನ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ ಕಟ್ಟುವುದು ಸಾಮಾನ್ಯ. ಕ್ಯಾಪಿನೊಳಗೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ವಿದ್ಯುತ್ತು ಅಲ್ಲಿ ಸೋರುತ್ತಿದೆ. ರಾತ್ರಿ ದೀಪ ಆರಿಸಿ, ಬಾನೆಟ್ ಎತ್ತಿ ಎಂಜಿನ್ ಓಡಿಸಿ ನೋಡಿದರೆ ಹಳೆಯ ಪ್ಲಗ್ ವೈರುಗಳಿಂದ ಹಾರುವ ನೀಲಿ ಕಿಡಿಗಳು ಬರಿಗಣ್ಣಿಗೆ ಕಾಣುತ್ತವೆ. ಇದಕ್ಕೆ ಯಾವ ಖರ್ಚೂ ಇಲ್ಲ.

ಮೂರನೆಯ ಹಂತ: ಪೆಟ್ರೋಲ್

ಕೊಯ್ಲಿನ ಕಾಲದಲ್ಲಿ ಮಾತ್ರ ಓಡಿ ಉಳಿದ ತಿಂಗಳು ಶೆಡ್ಡಿನಲ್ಲಿ ನಿಲ್ಲುವ ಜೀಪಿನ ಟ್ಯಾಂಕಿನಲ್ಲಿ ತುಕ್ಕು ಹಿಡಿಯುತ್ತದೆ, ಪೆಟ್ರೋಲ್ ಅಂಟಾಗುತ್ತದೆ. ಹಳೆಯ ಪೆಟ್ರೋಲನ್ನು ಪೂರ್ತಿ ಇಳಿಸಿ, ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸುವುದು ಕ್ಷೇಮ. ಈಗ ದೇಶದಾದ್ಯಂತ ದೊರೆಯುವ ಶೇಕಡ 20ರ ಎಥನಾಲ್ ಮಿಶ್ರಿತ ಪೆಟ್ರೋಲ್ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯ ರಬ್ಬರ್ ಪೈಪುಗಳನ್ನೂ ಪೆಟ್ರೋಲ್ ಪಂಪಿನ ಡಯಾಫ್ರಮನ್ನೂ ಹಾಳುಮಾಡಬಲ್ಲದು. ಎಥನಾಲಿಗೆ ತಾಳುವ ಪೈಪುಗಳನ್ನು ಹಾಕಿಸುವುದು ಬೆಂಕಿಯ ಅಪಾಯದ ದೃಷ್ಟಿಯಿಂದಲೂ ಅಗತ್ಯ.

ನಾಲ್ಕನೆಯ ಹಂತ: ಗಾಳಿಯ ಸೋರಿಕೆ ಮತ್ತು ಕಾರ್ಬುರೇಟರ್

ಮ್ಯಾನಿಫೋಲ್ಡ್ ಮತ್ತು ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್ಟುಗಳಲ್ಲಿ ಗಾಳಿ ಒಳನುಗ್ಗಿದರೆ ಎಂಜಿನ್ ನಿಂತಲ್ಲಿ ನಡುಗುತ್ತದೆ, ವೇಗದಲ್ಲಿ ಸರಿಹೋಗುತ್ತದೆ. ಎಂಜಿನ್ ಓಡುತ್ತಿರುವಾಗ ಆ ಸಂದುಗಳ ಮೇಲೆ ಸ್ವಲ್ಪ ನೀರು ಸಿಂಪಡಿಸಬೇಕು. ಸದ್ದು ಬದಲಾದರೆ ಸೋರಿಕೆ ಅಲ್ಲಿದೆ. ಇದಕ್ಕೆ ಪೆಟ್ರೋಲ್ ಬಳಸಕೂಡದು.

ಇಷ್ಟಾದ ಮೇಲಷ್ಟೇ ಕಾರ್ಬುರೇಟರ್ ಬಿಚ್ಚಬೇಕು. ಗೋಣಿಕೊಪ್ಪಲು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಕರಾವಳಿಯಲ್ಲಿ ಹೊಂದಿಸಿದ ಕಾರ್ಬುರೇಟರ್ ಇಲ್ಲಿನ ತೆಳುಗಾಳಿಯಲ್ಲಿ ತುಸು ಹೆಚ್ಚು ಪೆಟ್ರೋಲ್ ಕೊಡುತ್ತದೆ. ಎಥನಾಲ್ ಮಿಶ್ರಣವಾದರೋ ಅದಕ್ಕೆ ವಿರುದ್ಧವಾಗಿ ಮಿಶ್ರಣವನ್ನು ತೆಳುವಾಗಿಸುತ್ತದೆ. ಯಾವುದು ಮೇಲಾಗಿದೆಯೆಂಬುದನ್ನು ಪ್ಲಗ್ಗಿನ ಬಣ್ಣವೇ ಹೇಳಬೇಕು. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿಕೊಂಡಿದ್ದರೆ ಕಡಿಮೆ, ಎಣ್ಣೆಜಿಡ್ಡಿದ್ದರೆ ಎಂಜಿನ್ ಆಯಿಲ್ ಒಳಬರುತ್ತಿದೆ, ತಿಳಿಕಂದು ಬಣ್ಣವಿದ್ದರೆ ಎಲ್ಲವೂ ಸರಿ. ತೆಳು ಮಿಶ್ರಣದಲ್ಲಿಯೇ ಬಹುಕಾಲ ಓಡಿಸಿದರೆ ವಾಲ್ವುಗಳು ಸುಡುತ್ತವೆ. ಚಿಲ್ಲರೆ ದೋಷವು ಎಂಜಿನ್ ಇಳಿಸುವ ಖರ್ಚಿಗೆ ತಿರುಗುತ್ತದೆ.

ಲೆಕ್ಕಪತ್ರದ ದೃಷ್ಟಿಯಿಂದ

ಪ್ರತಿ ಪರೀಕ್ಷೆಯ ದಿನಾಂಕ, ಫಲಿತಾಂಶ ಮತ್ತು ವೆಚ್ಚವನ್ನು ಬರೆದಿಡುವುದು ಕೇವಲ ಶಿಸ್ತಿನ ಮಾತಲ್ಲ. ವ್ಯವಹಾರಕ್ಕಾಗಿ ಕೊಂಡ ಹಳೆಯ ವಾಹನವನ್ನು ಉಪಯೋಗಕ್ಕೆ ಯೋಗ್ಯವಾದ ಸ್ಥಿತಿಗೆ ತರಲು ತಗಲುವ ನೇರ ವೆಚ್ಚವು ಲೆಕ್ಕಪತ್ರ ಮಾನಕ 10ರ ಪ್ರಕಾರ ಆಸ್ತಿಯ ಮೂಲಬೆಲೆಗೆ ಸೇರುತ್ತದೆ. ಅನಂತರದ ದೈನಂದಿನ ದುರಸ್ತಿಯು ಆಯಾ ವರ್ಷದ ಖರ್ಚು. ಬಿಲ್ಲಿನಲ್ಲಿ ವಿವರವಿಲ್ಲದಿದ್ದರೆ ಈ ವಿಂಗಡಣೆ ಸಾಧ್ಯವಾಗದು. ಚಾಲಕನೂ ಸೇರಿ 13ಕ್ಕಿಂತ ಹೆಚ್ಚಿಲ್ಲದ ಆಸನಗಳ ಪ್ರಯಾಣಿಕ ವಾಹನದ ದುರಸ್ತಿ ಸೇವೆಯ ಮೇಲೆ ತೆತ್ತ ಜಿಎಸ್‌ಟಿಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ದೊರೆಯದು. ಅನಗತ್ಯವಾಗಿ ಮಾಡಿಸಿದ ದುರಸ್ತಿಯ ತೆರಿಗೆಯೂ ಮಾಲೀಕರ ನಷ್ಟವೇ.

ಎಂಜಿನ್ ನಂಬರ್ ನೋಂದಣಿ ಪತ್ರದೊಡನೆ ತಾಳೆಯಾಗುತ್ತದೆಯೇ ಎಂಬುದನ್ನು ಪರೀಕ್ಷೆಯ ಮೊದಲ ದಿನವೇ ನೋಡಬೇಕು. ಎಂಜಿನ್ ಬದಲಾವಣೆಯು ಪತ್ರದಲ್ಲಿ ನಮೂದಾಗದಿದ್ದರೆ ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮಿನ ತೊಡಕು ಬರುತ್ತದೆ. 50 ವರ್ಷ ಮೀರಿದ ವಾಹನಗಳಿಗೆ 2021ರ ನಿಯಮಗಳಲ್ಲಿ ವಿಂಟೇಜ್ ನೋಂದಣಿಗೆ ಅವಕಾಶವಿದೆಯಾದರೂ ಅಂಥ ವಾಹನವನ್ನು ನಿತ್ಯದ ಸಂಚಾರಕ್ಕಾಗಲಿ ವಾಣಿಜ್ಯಕ್ಕಾಗಲಿ ಬಳಸುವಂತಿಲ್ಲ. ತೋಟದ ಕೆಲಸಕ್ಕೆ ಜೀಪು ಕೊಳ್ಳುವವರು ಇದನ್ನು ಮರೆಯಬಾರದು.

ಕಂಪ್ರೆಷನ್ ಪರೀಕ್ಷೆಯೊಂದನ್ನಾದರೂ ಹಣ ಪೂರ್ತಿ ಪಾವತಿಸುವ ಮುನ್ನವೇ ಮಾಡಿಸುವುದು ಉತ್ತಮ. ಬೆಲೆಯ ಮಾತುಕತೆಗೆ ಆಗ ಅವಕಾಶವಿರುತ್ತದೆ. ವಾಹನ ಕೈಸೇರಿದ ಮೇಲೆ ಆ ನಾಲ್ಕು ಅಂಕಿಗಳಿಗೆ ಮಾರಿದವರು ಉತ್ತರ ಕೊಡಲಾರರು.