ಮೀನಿನ ತೊಟ್ಟಿ ಹೊಸ್ತಿಲು ದಾಟುವ ಮುನ್ನ

ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಸೈಕಲ್ ಕೊಡಿಸುವುದು ಹಿಂದಿನ ಪದ್ಧತಿ. ಈಗ ಆ ಪಟ್ಟಿಗೆ ಅಕ್ವೇರಿಯಂ ಕೂಡ ಸೇರಿದೆ. ಬೆಂಗಳೂರಿಗೆ ಶಾಲಾ ಪ್ರವಾಸ ಹೋಗಿ, ಕಬ್ಬನ್ ಉದ್ಯಾನದಲ್ಲಿ 1983ರಲ್ಲಿ ಆರಂಭವಾದ ಸರ್ಕಾರಿ ಮತ್ಸ್ಯಾಲಯ ನೋಡಿ ಬಂದ ಎಷ್ಟೋ ಮಕ್ಕಳು ಮನೆಯಲ್ಲಿ ಈ ಹಟ ಹಿಡಿದದ್ದುಂಟು.

ತೆಲಿಗಿಯ ಮನೆಯೊಂದಕ್ಕೆ ದಾವಣಗೆರೆಯಿಂದ ನಾಲ್ಕು ಅಡಿ ಉದ್ದದ ತೊಟ್ಟಿ ತರಬೇಕಾಗಿದೆ ಎಂದಿಟ್ಟುಕೊಳ್ಳೋಣ. 'ಯಪ್ಪಾ, ಬರೀ ಗಾಜಿನ ಪೆಟ್ಟಿಗಿ ಐತಿ, ನಾಕು ಮಂದಿ ಹಿಡಿದ್ರ ಬಂತು' ಎನ್ನುತ್ತಾನೆ ಮಗ. ಅವನ ಮಾತು ಅರ್ಧ ನಿಜ. ಉಳಿದರ್ಧಕ್ಕೆ ಅವನ ಕೈಗೇ ಪೆನ್ಸಿಲ್ ಕೊಡಿ.

ಉದ್ದ 120, ಅಗಲ 45, ಎತ್ತರ 45 ಸೆಂಟಿಮೀಟರ್. ಗುಣಿಸಿ ಸಾವಿರದಿಂದ ಭಾಗಿಸಿದರೆ 243 ಲೀಟರ್. ಅಂದರೆ ನೀರೇ 243 ಕಿಲೋ. ಹತ್ತು ಮಿಲಿಮೀಟರ್ ದಪ್ಪದ ಗಾಜು ಸುಮಾರು 50 ಕಿಲೋ. ತಳದ ಮರಳು, ಕಲ್ಲು, ಕೆಳಗಿನ ಸ್ಟ್ಯಾಂಡು ಎಲ್ಲ ಸೇರಿದರೆ ಮೂರೂವರೆ ಕ್ವಿಂಟಲ್ ದಾಟುತ್ತದೆ. ಮೆಕ್ಕೆಜೋಳ ತೂಗಿಸುವ ನಮ್ಮ ಕಡೆಯವರಿಗೆ ಕ್ವಿಂಟಲ್ ಎಂದರೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ತುಂಬಿಸಿದ ಮೇಲೆ ಅದನ್ನು ಒಂದಂಗುಲವೂ ಸರಿಸುವಂತಿಲ್ಲ. ಆದ್ದರಿಂದ ಜಾಗ ಮೊದಲು, ಖರೀದಿ ಆಮೇಲೆ.

ಹಳೆಯ ಮಾಳಿಗೆ ಮನೆಯಾದರೆ ಮೇಲಂತಸ್ತಿನ ಮಾತೇ ಬೇಡ. ನೆಲಮಟ್ಟದ ಪಡಸಾಲೆಯಲ್ಲಿ, ಗಟ್ಟಿ ಗೋಡೆಯ ಪಕ್ಕ, ಬಿಸಿಲು ಬೀಳದ ಕಡೆ ಇಡಿ. ಬಿಸಿಲು ಬಿದ್ದರೆ ಗಾಜಿಗೆ ಪಾಚಿ ಕಟ್ಟುತ್ತದೆ. ಕಲ್ಲು ಹಾಸಿದ ನೆಲ ಕಣ್ಣಿಗೆ ಸಮವಾಗಿ ಕಂಡರೂ ಏರುತಗ್ಗು ಇರುತ್ತದೆ; ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ.

ಆಮೇಲೆ ಬಾಗಿಲು. ನಮ್ಮ ಹಳೇ ಮನೆಗಳ ಬಾಗಿಲು ತಗ್ಗು, ಹೊಸ್ತಿಲು ಎತ್ತರ. ಒಳಗೆ ಹೋದೊಡನೆ ಕಂಬವೊಂದು ಎದುರಾಗುವುದೂ ಉಂಟು. ತೊಟ್ಟಿಯ ಅಳತೆಗೆ ಬಿದಿರು ಕಡ್ಡಿಯ ಚೌಕಟ್ಟು ಕಟ್ಟಿ, ರಸ್ತೆಯಿಂದ ಪಡಸಾಲೆಯವರೆಗೆ ಒಮ್ಮೆ ಹಿಡಿದು ನಡೆಯಿರಿ. ಅಕ್ಕಪಕ್ಕದವರು ನಕ್ಕರೆ ನಗಲಿ. ಗಾಜು ಕೈಯಲ್ಲಿದ್ದಾಗ ತಿರುವಿನಲ್ಲಿ ಸಿಕ್ಕಿಕೊಳ್ಳುವುದಕ್ಕಿಂತ ಇದು ವಾಸಿ.

ಲಗೇಜ್ ಆಟೊದಲ್ಲಿ ಎರಡು ಮಡಿಕೆ ಕೌದಿ ಹಾಸಿ, ತೊಟ್ಟಿಯನ್ನು ತಳ ಕೆಳಗಾಗಿಯೇ ಕೂರಿಸಬೇಕು. ಒಳಗೆ ಮರಳು, ಕಲ್ಲು, ತಳದಲ್ಲಿ ಉಳಿದ ನೀರು ಏನೂ ಇರಕೂಡದು. ಇಳಿಸುವಾಗ ನಾಲ್ಕು ಜನ ದೊಡ್ಡವರು, ಕೈಗೆ ಗವಸು, ಕಾಲಿಗೆ ಶೂ. ಕೈ ತಳದ ಗಾಜಿನ ಕೆಳಗೇ ಇರಬೇಕು. ಮೇಲಂಚನ್ನಾಗಲಿ ನಡುವಿನ ಅಡ್ಡಪಟ್ಟಿಯನ್ನಾಗಲಿ ಹಿಡಿದೆತ್ತಿದರೆ ಅಂಟಿಸಿದ ಸಿಲಿಕೋನ್ ಬಿಡುತ್ತದೆ. 'ಎತ್ತು, ನಿಲ್ಲು, ಇಳಿಸು' ಎನ್ನುವವನು ಒಬ್ಬನೇ ಇರಲಿ. ನಾಲ್ವರೂ ಯಜಮಾನರಾದರೆ ಗಾಜು ಉಳಿಯುವುದಿಲ್ಲ! ಮಕ್ಕಳ ಪಾಲಿನ ಕೆಲಸ ದಾರಿಯ ಚಪ್ಪಲಿ ತೆಗೆಯುವುದು, ಬಾಗಿಲು ಹಿಡಿಯುವುದು.

ಇಳಿಸುವಾಗ ಮೂಲೆಯೊಂದು ಮೊದಲು ತಾಗಬಾರದು. ತಳಕ್ಕೆ ಚೌಕಟ್ಟಿಲ್ಲದ ತೊಟ್ಟಿಯಾದರೆ ಸ್ಟ್ಯಾಂಡಿನ ಮೇಲೆ ಥರ್ಮೊಕೋಲ್ ಹಾಸಿ. ಅಡಿಯಲ್ಲಿ ಸಿಕ್ಕ ಒಂದೇ ಒಂದು ಮರಳಿನ ಹರಳು ಸಾಕು, ಇಡೀ ಭಾರ ಆ ಬಿಂದುವಿನ ಮೇಲೆ ಬಿದ್ದು ಗಾಜು ಬಿರುಕು ಬಿಡಬಹುದು.

ಪಿಯುಸಿ ವಿದ್ಯಾರ್ಥಿಗಳು ಇನ್ನೊಂದು ಲೆಕ್ಕ ಮಾಡಿ ನೋಡಬಹುದು. ನೀರಿನ ಒತ್ತಡ ಆಳಕ್ಕೆ ತಕ್ಕಂತೆ ಏರುತ್ತದೆ. ಮೇಲಿನ ಅಳತೆಯ ತೊಟ್ಟಿ ತುಂಬಿದಾಗ ಮುಂದಿನ ಗಾಜೊಂದರ ಮೇಲೇ ಸುಮಾರು 120 ಕಿಲೋ ತೂಕದಷ್ಟು ಬಲ ಬೀಳುತ್ತದೆ. ಎತ್ತರ 60 ಸೆಂಟಿಮೀಟರ್ ಆದರೆ ಅದು 216 ಕಿಲೋಗೆ ಹಾರುತ್ತದೆ. ಹಾಗಾಗಿ ಎತ್ತರದ ತೊಟ್ಟಿಗೆ ದಪ್ಪ ಗಾಜು ಬೇಕು. ಬರ್ಲಿನ್ನಿನ ಹೋಟೆಲೊಂದರಲ್ಲಿದ್ದ 'ಅಕ್ವಾಡೋಮ್' ಎಂಬ ಭಾರೀ ಅಕ್ರಿಲಿಕ್ ತೊಟ್ಟಿ 2022ರ ಡಿಸೆಂಬರ್ 16ರ ಬೆಳಗಿನ ಜಾವ ಒಡೆದು, ಹತ್ತು ಲಕ್ಷ ಲೀಟರ್ ನೀರು ಹೊರಗೆ ನುಗ್ಗಿತು. ಅದರಲ್ಲಿದ್ದ ಸುಮಾರು 1500 ಮೀನುಗಳಲ್ಲಿ ಹೆಚ್ಚಿನವು ಸತ್ತವು. ಜನ ಓಡಾಡುವ ಹೊತ್ತಾಗಿದ್ದರೆ ಏನಾಗುತ್ತಿತ್ತೋ!

ನಿಮ್ಮ ಪಡಸಾಲೆಯಲ್ಲಿ ಮೊದಲು ಎರಡು ಅಂಗುಲ ನೀರು ಹಾಕಿ, ನಾಲ್ಕೂ ಮೂಲೆಯಲ್ಲಿ ಸ್ಕೇಲಿನಿಂದ ಅಳೆಯಿರಿ. ವ್ಯತ್ಯಾಸ ಕಂಡರೆ ನೀರು ತೆಗೆದು ಸ್ಟ್ಯಾಂಡಿನ ಮಟ್ಟ ಸರಿಪಡಿಸಿ. ಬಿಸಿಲಲ್ಲಿ ಬಂದ ಗಾಜು ತಣ್ಣಗಾಗುವವರೆಗೆ ನೀರು ಸುರಿಯಬೇಡಿ. ಪೂರ್ತಿ ತುಂಬಿಸಿ ಒಂದು ದಿನ ಬಿಟ್ಟು, ಅಂಚುಗಳಿಗೆ ಒಣ ಕಾಗದ ಒತ್ತಿ ನೋಡಿದರೆ ಸೋರಿಕೆ ಇದ್ದಲ್ಲಿ ಗೊತ್ತಾಗುತ್ತದೆ. ಪಂಪಿನ ವೈರು ಪ್ಲಗ್ಗಿಗಿಂತ ಕೆಳಗೆ ಇಳಿಬಿದ್ದು ಮೇಲೇರುವಂತಿರಲಿ. ಹನಿ ಜಾರಿ ಬಂದರೂ ಪ್ಲಗ್ಗಿಗೆ ಹೋಗದೆ ನೆಲಕ್ಕೆ ಬೀಳುತ್ತದೆ. ನೀರಿಗೆ ಕೈ ಹಾಕುವಾಗ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ.

ಮೀನನ್ನು ಅದೇ ದಿನ ಬಿಡಬೇಕೆಂದು ಮಗ ಪಟ್ಟು ಹಿಡಿದಾನು. ಮೀನಿನ ಮಲಿನವನ್ನು ಅರಗಿಸುವ ಬ್ಯಾಕ್ಟೀರಿಯಾ ಹೊಸ ನೀರಿನಲ್ಲಿ ನೆಲೆಗೊಳ್ಳಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಅವನು ಬರೀ ನೀರನ್ನೇ ನೋಡುತ್ತಾ ಕೂರಬೇಕಾಗುತ್ತದೆ.