ಏಕನಾಮದ ಅನೇಕ ದಾಖಲೆಗಳು: ಚಂಗನಾಡಿನ ಜೈನ ಸಾಮಗ್ರಿಯೂ ಡಿಜಿಟಲ್ ಭಂಡಾರಗಳೂ

ಶಾಸನಸಂಪುಟಗಳೂ ಹಸ್ತಪ್ರತಿಗಳ ಸೂಚಿಗಳೂ ಗಣಕಯಂತ್ರಕ್ಕೆ ಬಂದ ಮೇಲೆ ಸಂಶೋಧಕನ ಶ್ರಮ ಬಹುಮಟ್ಟಿಗೆ ತಗ್ಗಿದೆ. ಹತ್ತಾರು ಗ್ರಂಥಗಳ ಅಕಾರಾದಿಗಳನ್ನು ತಿರುವಿ ಕಂಡುಕೊಳ್ಳಬೇಕಾಗಿದ್ದ ಹೆಸರೊಂದು ಇಂದು ಕ್ಷಣಮಾತ್ರದಲ್ಲಿ ತೆರೆಯ ಮೇಲೆ ಮೂಡುತ್ತದೆ. ಹಾಗೆ ಮೂಡಿದ ಉಲ್ಲೇಖಗಳೆಲ್ಲವೂ ಒಂದೇ ಊರಿಗೆ, ಒಬ್ಬನೇ ಕವಿಗೆ ಅಥವಾ ಒಬ್ಬರೇ ಮುನಿಗಳಿಗೆ ಸೇರಿದವೇ ಎಂಬ ಪ್ರಶ್ನೆ ಮಾತ್ರ ಹಿಂದಿಗಿಂತ ಈಗ ಹೆಚ್ಚು ತೊಡಕಿನದಾಗಿದೆ.

ತತ್ತ್ವಾರ್ಥಸೂತ್ರದ ಪ್ರಥಮಾಧ್ಯಾಯದಲ್ಲಿ ಉಕ್ತವಾದ ನಾಮ, ಸ್ಥಾಪನಾ, ದ್ರವ್ಯ, ಭಾವಗಳೆಂಬ ನಾಲ್ಕು ನಿಕ್ಷೇಪಗಳು ವಿದ್ವಾಂಸರಿಗೆ ವಿದಿತವೇ ಇವೆ. ಗುಣವನ್ನು ಅಪೇಕ್ಷಿಸದೆ ವ್ಯವಹಾರಕ್ಕಾಗಿ ಮಾತ್ರ ಇಡುವ ಹೆಸರು ನಾಮನಿಕ್ಷೇಪ. ಗಣಕಯಂತ್ರದ ಶೋಧನೆ ಈ ಮೊದಲ ಮೆಟ್ಟಿಲಿನಲ್ಲಿಯೇ ನಿಲ್ಲುತ್ತದೆ. ಅದು ಅಕ್ಷರಸಾಮ್ಯವನ್ನು ಬಲ್ಲುದೇ ಹೊರತು ವಸ್ತುವನ್ನು ಅರಿಯದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಿಂದ ಕೆಲವು ನಿದರ್ಶನಗಳನ್ನು ಆಯ್ದು ಈ ವಿಷಯವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ಸ್ಥಳನಾಮ. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ ಗ್ರಾಮವು ಕಾವೇರಿಯ ಬಳಿ ಕೊಡಗಿನ ಗಡಿಯಲ್ಲಿದೆ. ಈ ಹೆಸರನ್ನು ಯಾವುದೇ ಭಂಡಾರದಲ್ಲಿ ಹುಡುಕಿದರೆ ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಕೊಪ್ಪವೂ ಮದ್ದೂರು ತಾಲ್ಲೂಕಿನ ಕೊಪ್ಪವೂ ಒಟ್ಟಿಗೆ ಬರುತ್ತವೆ. ಕೊಪ್ಪವೆಂದರೆ ಸಣ್ಣ ಊರು ಎಂಬ ಸಾಮಾನ್ಯಾರ್ಥವೂ ಉಂಟಾದುದರಿಂದ ಅದನ್ನು ಉತ್ತರಪದವಾಗಿ ಪಡೆದ ಅಸಂಖ್ಯ ಗ್ರಾಮಗಳೂ ಪಟ್ಟಿಗೆ ಸೇರುತ್ತವೆ. ಜೈನ ಸಂಶೋಧಕರಿಗೆ ಇನ್ನೂ ಒಂದು ತೊಡಕಿದೆ. ಅಕ್ಷರಸಾಮೀಪ್ಯವನ್ನೂ ಗಣಿಸುವ ಶೋಧಕಗಳು ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಇದರೊಡನೆ ತಂದು ನಿಲ್ಲಿಸುತ್ತವೆ. ಶ್ರವಣಬೆಳಗೊಳದ ಶಾಸನದಲ್ಲಿ ಹುಳ್ಳನು ಕೊಪಣ ಮಹಾತೀರ್ಥಕ್ಕೆ ಮಾಡಿದ ದಾನದ ಮಾತಿದೆ. ಆ ಉಲ್ಲೇಖಕ್ಕೂ ಕಾವೇರೀತೀರದ ಕೊಪ್ಪಕ್ಕೂ ಏನೂ ಸಂಬಂಧವಿಲ್ಲ.

ತಾಲ್ಲೂಕುಗಳ ಹೆಸರೂ ಎಲ್ಲೆಯೂ ಬದಲಾಗಿರುವುದನ್ನು ಇಲ್ಲಿ ಸ್ಮರಿಸಬೇಕು. ಬಿ. ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟದಲ್ಲಿ ಪಿರಿಯಾಪಟ್ಟಣ ಸೀಮೆಯ ಶಾಸನಗಳು ಹುಣಸೂರಿನ ಅಡಿಯಲ್ಲಿಯೂ ಕೃಷ್ಣರಾಜನಗರದವು ಯೆಡತೊರೆಯ ಅಡಿಯಲ್ಲಿಯೂ ಇವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಮುದ್ರಣದಲ್ಲಿ ಹೆಗ್ಗಡದೇವನಕೋಟೆ ಮೂರನೆಯ ಸಂಪುಟಕ್ಕೂ (1974), ಹುಣಸೂರು ಮತ್ತು ಪಿರಿಯಾಪಟ್ಟಣಗಳು ನಾಲ್ಕನೆಯದಕ್ಕೂ (1975), ಕೃಷ್ಣರಾಜನಗರ ಐದನೆಯದಕ್ಕೂ (1976) ಸೇರಿದುವು. ಶಾಸನಗಳ ಸಂಖ್ಯೆಗಳೂ ಬದಲಾದುವು. ಚಂಗಾಳ್ವರ ಆಳ್ವಿಕೆಯಾದರೋ ಕಾವೇರಿಯ ಎರಡೂ ದಡಗಳಲ್ಲಿತ್ತು. ಆದುದರಿಂದ ಕೊಪ್ಪದ ಸುತ್ತಣ ಇತಿಹಾಸವನ್ನು ಅರಸುವವರು ಕೊಡಗಿನ ಶಾಸನಗಳ ಮೊದಲನೆಯ ಸಂಪುಟವನ್ನೂ ಬಿಡುವಂತಿಲ್ಲ. ಇಂದಿನ ಜಿಲ್ಲೆಯ ಹೆಸರಿಗಿಂತ ಶಾಸನದಲ್ಲಿ ಬರುವ ನಾಡಿನ ಹೆಸರೇ ಇಲ್ಲಿ ಹೆಚ್ಚು ವಿಶ್ವಾಸಾರ್ಹವಾದ ದಾರಿ.

ಎರಡನೆಯದು ಅಕ್ಷರದ ಸಮಸ್ಯೆ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವುದು ಸರ್ವವಿದಿತ. ಯಂತ್ರಕ್ಕೆ ಮಾತ್ರ ಪನಸೋಗೆಯೂ ಹನಸೋಗೆಯೂ ಬೇರೆ ಬೇರೆ ಊರುಗಳೇ ಸರಿ. ಚಂಗಾಳ್ವ, ಚೆಂಗಾಳ್ವ, ಚಂಗಾೞ್ವ ಎಂಬ ಮೂರು ರೂಪಗಳಲ್ಲಿ ಒಂದನ್ನು ಕೇಳಿದರೆ ಉಳಿದೆರಡು ದೊರೆಯದಿರುವುದು ಸಾಮಾನ್ಯ. ಏಕೆಂದರೆ ೞಕಾರಕ್ಕೂ ಳಕಾರಕ್ಕೂ ಯೂನಿಕೋಡ್ ಪದ್ಧತಿಯಲ್ಲಿ ಪ್ರತ್ಯೇಕ ಸಂಕೇತಗಳಿವೆ. ಯೂನಿಕೋಡ್ ಬಳಕೆಗೆ ಬರುವ ಮುನ್ನಿನ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕನ್ನಡ ಪಠ್ಯ ಕಣ್ಣಿಗೆ ಕನ್ನಡವಾಗಿ ಕಂಡರೂ ಶೋಧನೆಗೆ ಸಿಕ್ಕದು. ಚಿತ್ರರೂಪದಲ್ಲಿರುವ ಪುಟಗಳಿಂದ ಯಂತ್ರವೇ ಓದಿ ತೆಗೆದ ಪಠ್ಯದಲ್ಲಿ ಒತ್ತಕ್ಷರಗಳು ತಪ್ಪುವುದೂ ಉಂಟು. ಇದರ ಮೇಲೆ ಲಿಪಿಭೇದ ಬೇರೆ: ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿ ಕಾಶಿಯ ಭಾರತೀಯ ಜ್ಞಾನಪೀಠವು 1948ರಲ್ಲಿ ಪ್ರಕಟಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ ನಾಗರಿಯಲ್ಲಿದೆ. ರೈಸ್ ಅವರ ಸಂಪುಟಗಳಲ್ಲಿ ಕನ್ನಡ ಪಾಠದೊಡನೆ ರೋಮನ್ ಲಿಪ್ಯಂತರವೂ ಇದೆ. ಆದಕಾರಣ ‘ಸಿಕ್ಕಲಿಲ್ಲ’ ಎಂಬ ಯಂತ್ರದ ಉತ್ತರವನ್ನು ‘ಇಲ್ಲ’ ಎಂದು ಗ್ರಹಿಸಬಾರದು.

ಮೂರನೆಯದು ವ್ಯಕ್ತಿನಾಮ. ಅರಸರಲ್ಲಿ ಅಧೀನರು ಸಾರ್ವಭೌಮನ ಹೆಸರನ್ನು ಧರಿಸುವ ವಾಡಿಕೆಯಿತ್ತು. ಹನಸೋಗೆಯ ಬಸದಿಯನ್ನು ಜೀರ್ಣೋದ್ಧಾರ ಮಾಡಿಸಿದವನು ರಾಜೇಂದ್ರಚೋಳ ನನ್ನಿ ಚಂಗಾಳ್ವ. ಕೊಡಗಿನ ಮುಳ್ಳೂರಿನ ಬಸದಿಗಳ ಪ್ರಸಂಗದಲ್ಲಿ ಬರುವವನು ರಾಜೇಂದ್ರ ಕೊಂಗಾಳ್ವ. ತಂಜಾವೂರಿನ ರಾಜೇಂದ್ರ ಚೋಳನ ಹೆಸರನ್ನು ಕೇಳಿದಾಗ ಇವರಿಬ್ಬರೂ ಅವನ ಜತೆಯಲ್ಲಿ ಬಂದು ನಿಂತರೆ ಆಶ್ಚರ್ಯವಿಲ್ಲ. ಜಿನಾಲಯಕ್ಕೆ ದತ್ತಿಯಿತ್ತವನು ಯಾರೆಂಬುದನ್ನು ವಂಶನಾಮವೇ ನಿರ್ಣಯಿಸಬೇಕು.

ಮುನಿನಾಮಗಳಲ್ಲಿ ಈ ತೊಡಕು ಇನ್ನೂ ಸೂಕ್ಷ್ಮವಾದುದು. ಹನಸೋಗೆಯಿಂದ ಹೆಸರು ಪಡೆದ ದೇಶೀಗಣದ ಪನಸೋಗೆ ಬಳಿ ಘಟ್ಟದ ಕೆಳಗೆ ಕಾರ್ಕಳದಲ್ಲಿ ನೆಲೆಯಾಯಿತು. 1432ರಲ್ಲಿ ವೀರಪಾಂಡ್ಯನು ಕಾರ್ಕಳದ ಗೊಮ್ಮಟಮೂರ್ತಿಯನ್ನು ಪ್ರತಿಷ್ಠಾಪಿಸಿದುದು ಈ ಪರಂಪರೆಯ ಲಲಿತಕೀರ್ತಿಗಳ ಉಪದೇಶದಿಂದ. 1586ರಲ್ಲಿ ಇಮ್ಮಡಿ ಭೈರರಸನು ಚತುರ್ಮುಖ ಬಸದಿಯನ್ನು ಕಟ್ಟಿಸಿದಾಗಲೂ ಶಾಸನದಲ್ಲಿ ಕಾಣುವ ಗುರುಗಳು ಲಲಿತಕೀರ್ತಿಗಳೇ. ನಡುವೆ 154 ವರ್ಷಗಳ ಅಂತರವಿದೆ. ಹೆಸರು ಪಟ್ಟದ್ದು, ಪೀಠವನ್ನು ಏರಿದವರಿಗೆಲ್ಲ ಅದು ಸಲ್ಲುತ್ತದೆ. ಶ್ರವಣಬೆಳಗೊಳದಲ್ಲಿ ಚಾರುಕೀರ್ತಿ ಎಂಬುದೂ ಹಾಗೆಯೇ. ಇಂತಹ ನಾಮವನ್ನು ಹುಡುಕಿದಾಗ ದೊರೆಯುವ ಸಾಲನ್ನು ಒಬ್ಬರ ಚರಿತ್ರೆಯೆಂದು ಓದಲಾಗದು. ಅದನ್ನು ಒಂದು ಪೀಠದ ಚರಿತ್ರೆಯೆಂದು ಓದಿದರೆ ಕೃಷ್ಣರಾಜನಗರ ಸೀಮೆಯ ಸಣ್ಣ ಊರೊಂದಕ್ಕೂ ಕಾರ್ಕಳದ ಮಹಾಮೂರ್ತಿಗೂ ಇರುವ ನಂಟು ತಾನಾಗಿ ಬೆಳಕಿಗೆ ಬರುತ್ತದೆ. ಏಕನಾಮವು ದಾರಿತಪ್ಪಿಸುವಂತೆ ದಾರಿ ತೋರಿಸುವುದೂ ಉಂಟೆಂಬುದಕ್ಕೆ ಇದು ಸಾಕ್ಷಿ.

ಕವಿಗಳಲ್ಲಿ ಮಂಗರಸನ ಉದಾಹರಣೆ ಸಾಕು. ವಿಷವೈದ್ಯವನ್ನು ಕುರಿತ ಖಗೇಂದ್ರಮಣಿದರ್ಪಣದ ಕರ್ತೃ ಒಂದನೆಯ ಮಂಗರಾಜ, ಸುಮಾರು 1360ರವನು. ಅಭಿನವಾಭಿಧಾನವೆಂಬ ನಿಘಂಟನ್ನು ರಚಿಸಿದ ಎರಡನೆಯ ಮಂಗರಾಜನ ಕಾಲ 1398. ನೇಮಿಜಿನೇಶಸಂಗತಿ, ಸಮ್ಯಕ್ತ್ವಕೌಮುದಿ, ಜಯನೃಪಕಾವ್ಯ, ಪ್ರಭಂಜನಚರಿತೆ, ಶ್ರೀಪಾಲಚರಿತೆ, ಸೂಪಶಾಸ್ತ್ರಗಳ ಕರ್ತೃವಾದ ಮೂರನೆಯ ಮಂಗರಸ ಸುಮಾರು 1508ರವನು. ಕಲ್ಲಹಳ್ಳಿಯ ಪ್ರಭು, ವಿಜಯಭೂಪಾಲನ ಮಗ, ಚಿಕ್ಕಪ್ರಭೇಂದುವಿನ ಶಿಷ್ಯ. ಈ ಕಲ್ಲಹಳ್ಳಿಯನ್ನು ಹುಣಸೂರು ತಾಲ್ಲೂಕಿನದೆಂದು ವಿದ್ವಾಂಸರು ಗುರುತಿಸುತ್ತಾರೆ. ಆರ್. ನರಸಿಂಹಾಚಾರ್ಯರು 1907, 1919 ಮತ್ತು 1929ರಲ್ಲಿ ಹೊರತಂದ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳಲ್ಲಿ ಸನಾಮಕ ಕವಿಗಳನ್ನು ಹೀಗೆ ವಿಂಗಡಿಸಿಟ್ಟರು. ಡಿಜಿಟಲ್ ಸೂಚಿಯ ಕರ್ತೃವಿನ ಅಂಕಣದಲ್ಲಿ ‘ಮಂಗರಸ’ ಎಂದಷ್ಟೇ ಇದ್ದರೆ ಆ ವಿಂಗಡಣೆಯ ಫಲವೆಲ್ಲ ಅಳಿದುಹೋಗುತ್ತದೆ. ಕೃತಿನಾಮವೂ ಇಲ್ಲಿ ಪೂರ್ಣ ರಕ್ಷಣೆಯಲ್ಲ. ಎಚ್. ಡಿ. ವೇಲಣಕರರ ಜಿನರತ್ನಕೋಶವನ್ನು (1944) ನೋಡಿದರೆ ಸಮ್ಯಕ್ತ್ವಕೌಮುದಿ, ಶ್ರೀಪಾಲಚರಿತ ಎಂಬ ಹೆಸರುಗಳನ್ನು ಅನೇಕ ಕರ್ತೃಗಳು ಬಳಸಿರುವುದು ತಿಳಿಯುತ್ತದೆ.

ಹೀಗಿರಲಾಗಿ ಶೋಧಕನು ಅನುಸರಿಸಬಹುದಾದ ಕ್ರಮವನ್ನು ಸಂಗ್ರಹಿಸಿ ಹೇಳಬಹುದು.

ಒಂದು: ಹುಡುಕುವ ಮೊದಲೇ ಹೆಸರಿನ ರೂಪಾಂತರಗಳ ಪಟ್ಟಿಯನ್ನು ಸಿದ್ಧಪಡಿಸಬೇಕು. ಹಳಗನ್ನಡ, ಹೊಸಗನ್ನಡ, ನಾಗರಿ, ರೋಮನ್ ರೂಪಗಳೂ ತಾಲ್ಲೂಕಿನ ಹಳೆಯ ಹೆಸರುಗಳೂ ಅದರಲ್ಲಿರಬೇಕು.

ಎರಡು: ದೊರೆತ ಪ್ರತಿಯೊಂದು ಉಲ್ಲೇಖದ ಎದುರು ಸ್ಥಳ, ಕಾಲ, ಗುರುಪರಂಪರೆ ಅಥವಾ ವಂಶ, ಆಕರ ಎಂಬ ನಾಲ್ಕು ಅಂಶಗಳನ್ನು ಬರೆದುಕೊಳ್ಳಬೇಕು. ಗಣ, ಗಚ್ಛ, ಬಳಿಗಳ ಉಲ್ಲೇಖವು ನಮ್ಮ ಸಾಮಗ್ರಿಯಲ್ಲಿ ವಿಶೇಷವಾದ ಆನುಕೂಲ್ಯ.

ಮೂರು: ಒಂದೇ ಶಾಸನ ರೈಸ್ ಅವರ ಸಂಪುಟದಲ್ಲಿ, ಪರಿಷ್ಕೃತ ಮುದ್ರಣದಲ್ಲಿ, ಜೈನ ಶಿಲಾಲೇಖ ಸಂಗ್ರಹದಂತಹ ಸಂಕಲನದಲ್ಲಿ ಮೂರು ಬಾರಿ ಕಾಣಬಹುದು. ಮೂರು ಉಲ್ಲೇಖಗಳಾದರೂ ಸಾಕ್ಷ್ಯ ಒಂದೇ.

ನಾಲ್ಕು: ಹೆಸರಲ್ಲದೆ ಇನ್ನೆರಡು ಅಂಶಗಳಾದರೂ ಕೂಡಿದಲ್ಲಿ ಮಾತ್ರ ಉಲ್ಲೇಖಗಳನ್ನು ಒಂದುಗೂಡಿಸಬೇಕು. ಕೂಡದಿದ್ದಲ್ಲಿ ಬೇರೆಯಾಗಿಯೇ ಇಡಬೇಕು. ಬೇರೆಯಿಟ್ಟುದನ್ನು ಮುಂದೆ ಸೇರಿಸುವುದು ಸುಲಭ, ಬೆರೆತುದನ್ನು ಬಿಡಿಸುವುದು ಕಷ್ಟ.

ಐದು: ನಿರ್ಣಯಕ್ಕೆ ಮುನ್ನ ಓಲೆಯ ಅಥವಾ ಶಿಲೆಯ ಪ್ರತಿಬಿಂಬವನ್ನು ಸ್ವತಃ ನೋಡಬೇಕು.

ಈ ಎಚ್ಚರಿಕೆ ಅತಿಯಾಯಿತೆಂದು ತೋರಬಹುದು. ಆದರೆ ಸೂಚಿಯೊಂದರ ತಪ್ಪು ಹಿಂದೆ ಆ ಗ್ರಂಥದಲ್ಲಿಯೇ ಉಳಿಯುತ್ತಿತ್ತು. ಇಂದು ಅದು ಒಂದು ಭಂಡಾರದಿಂದ ಇನ್ನೊಂದಕ್ಕೆ ಯಥಾವತ್ತಾಗಿ ನಕಲಾಗುತ್ತದೆ, ನಕಲುಗಳ ಸಂಖ್ಯೆಯೇ ಪ್ರಮಾಣವೆಂಬ ಭ್ರಾಂತಿಗೆ ಎಡೆಯಾಗುತ್ತದೆ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ದೇಶದ ನಾನಾ ಭಂಡಾರಗಳ ವಿವರಗಳನ್ನು ಒಂದೆಡೆ ತರುವ ಕಾರ್ಯವನ್ನು ಕೈಗೊಂಡಿತು. ಅಂತಹ ಮಹಾಸೂಚಿಗೆ ನಮ್ಮ ಬಸದಿಗಳ, ಮಠಗಳ, ಮನೆತನಗಳ ಕಟ್ಟುಗಳು ಸೇರುವಾಗ ಕರ್ತೃವಿನ ಹೆಸರಿನೊಡನೆ ಗುರುವಿನ ಹೆಸರು, ಊರು, ಕಾಲ, ಗ್ರಂಥದ ಆದ್ಯಂತ ಪದ್ಯಗಳು ಹಾಗೂ ಪ್ರಶಸ್ತಿ ಇಷ್ಟಾದರೂ ದಾಖಲಾಗಬೇಕು. ಪ್ರಶಸ್ತಿಯ ನಾಲ್ಕು ಪಂಕ್ತಿಗಳನ್ನು ಓದಿ ಬರೆಯಬಲ್ಲ ಪಂಡಿತರು ನಮ್ಮೊಡನಿರುವಾಗಲೇ ಈ ಕೆಲಸ ನಡೆಯಬೇಕು. ಅಷ್ಟಾದರೆ ಕಲ್ಲಹಳ್ಳಿಯ ಪ್ರಭುವಿನ ಕಾವ್ಯ ಅವನಿಗೂ, ಹನಸೋಗೆಯ ದತ್ತಿ ಹನಸೋಗೆಗೂ ಸಲ್ಲುತ್ತದೆ.