ಅಲಾಸ್ಕಾದ ಕರಡಿ, ಜೋಗಿಮಟ್ಟಿಯ ಕರಡಿ

ಚಿತ್ರದುರ್ಗದಲ್ಲಿ ಬೆಳಗಿನ ಏಳು ಗಂಟೆ. ಶಾಲೆಗೆ ಹೊರಡಲು ಇನ್ನೂ ಹೊತ್ತಿದೆ. ತಿಂಗಳು ಜುಲೈ ಆಗಿದ್ದರೆ, ಅದೇ ವೇಳೆಗೆ ಉತ್ತರ ಅಮೆರಿಕದ ಅಲಾಸ್ಕಾದಲ್ಲಿ ಹಿಂದಿನ ದಿನದ ಸಂಜೆ ಐದೂವರೆ. ಅಲ್ಲಿನ ಬ್ರೂಕ್ಸ್ ಜಲಪಾತದ ನೆತ್ತಿಯ ಮೇಲೆ ಕಂದು ಕರಡಿಗಳು ಬಾಯಿ ತೆರೆದು ನಿಂತಿರುತ್ತವೆ. ಹೊಳೆಗೆ ಎದುರಾಗಿ ನೆಗೆಯುವ ಸಾಲ್ಮನ್ ಮೀನು ಕೆಲವೊಮ್ಮೆ ನೇರವಾಗಿ ಬಾಯಿಗೇ ಬೀಳುತ್ತದೆ! ಈ ದೃಶ್ಯವನ್ನು ಹಿರಿಯೂರಿನ ಅಥವಾ ಹೊಳಲ್ಕೆರೆಯ ಮನೆಯಲ್ಲಿ ಕುಳಿತು, ಅದು ನಡೆಯುತ್ತಿರುವಾಗಲೇ ಕಾಣಬಹುದು.

ಈ ಜಲಪಾತವಿರುವುದು ಕಟ್ಮಾಯ್ ರಾಷ್ಟ್ರೀಯ ಉದ್ಯಾನದಲ್ಲಿ. 1912ರಲ್ಲಿ ಇಲ್ಲಿ ನೊವಾರುಪ್ತಾ ಎಂಬ ಜ್ವಾಲಾಮುಖಿ ಸಿಡಿಯಿತು. 1918ರಲ್ಲಿ ಪ್ರದೇಶಕ್ಕೆ ರಕ್ಷಣೆ ದೊರೆತು, 1980ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಬ್ರೂಕ್ಸ್ ಹೊಳೆಗೆ ಊರುಗಳಿಂದ ರಸ್ತೆಯಿಲ್ಲ. ನೀರಿನ ಮೇಲಿಳಿಯುವ ಪುಟ್ಟ ವಿಮಾನದಲ್ಲೋ ದೋಣಿಯಲ್ಲೋ ಹೋಗಬೇಕು. ಆದರೆ 2012ರಿಂದ 'ಎಕ್ಸ್‌ಪ್ಲೋರ್' ಎಂಬ ಅಂತರ್ಜಾಲ ತಾಣದ ಕ್ಯಾಮೆರಾಗಳು ಆ ಹೊಳೆಯನ್ನು ಜಗತ್ತಿಗೆ ತೋರಿಸುತ್ತಿವೆ. 2014ರಲ್ಲಿ ಅಲ್ಲೊಂದು ಮೋಜಿನ ಸ್ಪರ್ಧೆಯೂ ಆರಂಭವಾಯಿತು. ಚಳಿಗಾಲಕ್ಕೆ ಮುನ್ನ ಚೆನ್ನಾಗಿ ಕೊಬ್ಬಿದ ಕರಡಿ ಯಾವುದೆಂದು ನೋಡುಗರು ಮತ ಹಾಕುತ್ತಾರೆ.

ಕರಡಿಗೇಕೆ ಇಷ್ಟು ಕೊಬ್ಬು? ಇಲ್ಲಿಂದ ವಿಜ್ಞಾನ ಆರಂಭವಾಗುತ್ತದೆ. ಮಕ್ಕಳು ಭೂಗೋಳವನ್ನು ಮುಂದಿಟ್ಟುಕೊಳ್ಳಲಿ. ಚಿತ್ರದುರ್ಗ 14 ಡಿಗ್ರಿ ಉತ್ತರ ಅಕ್ಷಾಂಶದ ಬಳಿ ಇದೆ, ಕಟ್ಮಾಯ್ 58 ಡಿಗ್ರಿಯ ಬಳಿ. ಜೂನ್ ತಿಂಗಳ ಅತಿ ದೀರ್ಘ ಹಗಲು ನಮ್ಮಲ್ಲಿ ಸುಮಾರು 13 ಗಂಟೆ, ಅಲ್ಲಿ ಸುಮಾರು 18 ಗಂಟೆ. ಚಳಿಗಾಲದಲ್ಲಿ ಇದು ತಿರುಗುಮುರುಗಾಗುತ್ತದೆ. ಹಿಮ ಮುಚ್ಚಿದಾಗ ಆಹಾರವೇ ಇಲ್ಲ. ಹೀಗಾಗಿ ಕರಡಿ ತಿಂಗಳುಗಟ್ಟಲೆ ಗವಿಯಲ್ಲಿ ಮಲಗಿ, ಕೂಡಿಟ್ಟ ಕೊಬ್ಬನ್ನೇ ಕರಗಿಸುತ್ತದೆ. ಹೊರಬರುವಾಗ ತೂಕದ ಮೂರನೇ ಒಂದು ಭಾಗದವರೆಗೂ ಇಳಿದಿರುತ್ತದೆ.

ಈಗ ಪಾಲಕರು ಮಕ್ಕಳನ್ನು ಒಂದು ಪ್ರಶ್ನೆ ಕೇಳಬಹುದು: ನಮ್ಮ ಜೋಗಿಮಟ್ಟಿಯ ಕರಡಿ ಹೀಗೇಕೆ ಮಲಗುವುದಿಲ್ಲ? ಉತ್ತರ ಸರಳ. ನಮ್ಮಲ್ಲಿ ವರ್ಷವಿಡೀ ಏನಾದರೊಂದು ಆಹಾರ ಸಿಗುತ್ತದೆ. ಹುತ್ತದಲ್ಲಿ ಗೆದ್ದಲು, ಮರದಲ್ಲಿ ಜೇನು, ಕಾಡಿನಲ್ಲಿ ಹಣ್ಣು. ನಮ್ಮ ಕರಿಕರಡಿಗೆ ಮೇಲ್ದವಡೆಯ ನಡುವಿನ ಎರಡು ಹಲ್ಲುಗಳೇ ಇಲ್ಲ. ಆ ಸಂದಿಯಿಂದ ಅದು ಗೆದ್ದಲನ್ನು ಗಾಳಿಯೊಡನೆ ಹೀರಿಕೊಳ್ಳುತ್ತದೆ. ಮಣ್ಣು ಹೋಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲದು. ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ತಿಂದ ಹಣ್ಣಿನ ಬೀಜಗಳನ್ನು ಹಿಕ್ಕೆಯ ಮೂಲಕ ಕಾಡಿನಲ್ಲೆಲ್ಲ ಬಿತ್ತುತ್ತದೆ.

ಪರದೆಯ ಮೇಲಿನ ಕರಡಿಯನ್ನು ಮುದ್ದಿಸುವ ನಾವು, ಹೊಲದಂಚಿನ ಕರಡಿಗೆ ಹೆದರುತ್ತೇವೆ. ಈ ಹೆದರಿಕೆಗೆ ಕಾರಣವೂ ಇದೆ. ಬೇಸಿಗೆಯಲ್ಲಿ ಬೆಟ್ಟ ಒಣಗಿದಾಗ ಕರಡಿ ನೀರು, ಆಹಾರ ಅರಸಿ ತೋಟಗಳತ್ತ ಇಳಿಯುತ್ತದೆ. ನಸುಕಿನಲ್ಲಿ ಹೊಲಕ್ಕೆ ಹೊರಟ ರೈತ ಥಟ್ಟನೆ ಎದುರಾದರೆ, ಬೆಚ್ಚಿದ ಕರಡಿ ಎರಗುತ್ತದೆ. ಅದು ಬೇಟೆಯಲ್ಲ, ಆತ್ಮರಕ್ಷಣೆ. ಆದರೆ ಗಾಯ ಮಾತ್ರ ಭೀಕರ.

ಕಟ್ಮಾಯ್‌ನಲ್ಲಿ ಕರಡಿಯಿಂದ ಕನಿಷ್ಠ 50 ಗಜ ದೂರವಿರಬೇಕೆಂಬ ನಿಯಮವಿದೆ. ಹೊಸದುರ್ಗ, ಹಿರಿಯೂರಿನ ಬೆಟ್ಟದಡಿಯ ಊರುಗಳಿಗೂ ಕೆಲವು ನಿಯಮಗಳು ಬೇಕು. ಕತ್ತಲಲ್ಲಿ ಒಬ್ಬರೇ ಹೋಗಬಾರದು. ಬ್ಯಾಟರಿ ಹಿಡಿದು, ಗಟ್ಟಿಯಾಗಿ ಮಾತಾಡುತ್ತ ನಡೆಯಬೇಕು. ಕರಡಿ ಕಂಡರೆ ಕಲ್ಲೆಸೆಯಬಾರದು, ಓಡಬಾರದು, ಮೊಬೈಲ್ ಹಿಡಿದು ಹತ್ತಿರ ಹೋಗಬಾರದು. ಮೆಲ್ಲಗೆ ಹಿಂದೆ ಸರಿದು ಅರಣ್ಯ ಇಲಾಖೆಗೆ ತಿಳಿಸಬೇಕು.

ರಜೆಯಲ್ಲಿ ಕರಡಿಯನ್ನು ಕಣ್ಣಾರೆ ಕಾಣುವ ಆಸೆಯಿದ್ದವರಿಗೆ ಹಂಪಿಯ ಸಮೀಪ ದರೋಜಿ ಕರಡಿಧಾಮವಿದೆ. 1994ರಲ್ಲಿ ಸ್ಥಾಪನೆಯಾದ ಅಲ್ಲಿ ವೀಕ್ಷಣಾ ಗೋಪುರದಿಂದ ಸುರಕ್ಷಿತವಾಗಿ ನೋಡಬಹುದು. ಅದಕ್ಕೂ ಮುನ್ನ ಮಕ್ಕಳು ಒಂದು ಕೆಲಸ ಮಾಡಲಿ. ನೋಟುಪುಸ್ತಕದ ಎಡಪುಟದಲ್ಲಿ ಅಲಾಸ್ಕಾದ ಕರಡಿಯ ಆಹಾರ, ನಿದ್ರೆ, ವಾಸವನ್ನು ಬರೆಯಲಿ. ಬಲಪುಟಕ್ಕೆ ಅಂತರ್ಜಾಲ ಬೇಡ. ಊರಿನ ಕುರಿಗಾಹಿಯನ್ನೋ ಮನೆಯ ಅಜ್ಜನನ್ನೋ ಕೇಳಿದರೆ ಸಾಕು, ಪುಟ ತಾನಾಗಿ ತುಂಬುತ್ತದೆ.